ಡಿಪಿಪಿ-4 ಕಿಣ್ವದ ರಚನೆ ಮತ್ತು ಆಯ್ದ ಪ್ರತಿಬಂಧ: ಒಂದು ಮಾತ್ರೆಯ ಹಿಂದಿನ ವಿಜ್ಞಾನ ಹಾಗೂ ವಾಣಿಜ್ಯ

ಮಧುಮೇಹದ ಚಿಕಿತ್ಸೆಗಾಗಿ ಇಂದು ಮಾರಾಟವಾಗುವ ಮಾತ್ರೆಗಳಲ್ಲಿ ‘ಗ್ಲಿಪ್ಟಿನ್’ ಎಂದು ಹೆಸರು ಕೊನೆಗೊಳ್ಳುವ ಒಂದು ವರ್ಗವಿದೆ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಲಿನಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಮುಂತಾದ ಹೆಸರುಗಳು ಔಷಧಿ ವ್ಯಾಪಾರದಲ್ಲಿ ತೊಡಗಿರುವ ನಮ್ಮ ಸದಸ್ಯರಿಗೆ ಚಿರಪರಿಚಿತ. ಈ ಮಾತ್ರೆಗಳೆಲ್ಲವೂ ಮನುಷ್ಯನ ದೇಹದಲ್ಲಿರುವ ಒಂದೇ ಒಂದು ಕಿಣ್ವವನ್ನು ತಡೆಯುವ ಉದ್ದೇಶದಿಂದ ರೂಪುಗೊಂಡವು. ಅದರ ಹೆಸರು ಡೈಪೆಪ್ಟಿಡೈಲ್ ಪೆಪ್ಟಿಡೇಸ್-4, ಸಂಕ್ಷಿಪ್ತವಾಗಿ ಡಿಪಿಪಿ-4.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇಷ್ಟು ದೊಡ್ಡ ಸಂಖ್ಯೆಯ ಜನರು ಪ್ರತಿದಿನ, ಜೀವನಪರ್ಯಂತ ಸೇವಿಸಬೇಕಾದ ಮಾತ್ರೆಯ ಸುರಕ್ಷತೆ ಮತ್ತು ಬೆಲೆ ಎರಡೂ ಗಂಭೀರ ವಿಷಯಗಳೇ. ಸುರಕ್ಷತೆಯ ಪ್ರಶ್ನೆ ಕಿಣ್ವದ ರಚನೆಯನ್ನೂ, ಬೆಲೆಯ ಪ್ರಶ್ನೆ ಪೇಟೆಂಟ್ ಕಾನೂನನ್ನೂ ಅವಲಂಬಿಸಿದೆ. ಈ ಎರಡನ್ನೂ ಸಾಧ್ಯವಾದಷ್ಟು ಸರಳವಾಗಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಿಣ್ವ ಮಾಡುವ ಕೆಲಸ

ನಮ್ಮ ದೇಹದ ಪ್ರೋಟೀನುಗಳು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರಗಳು. ಈ ಸರಗಳನ್ನು ನಿರ್ದಿಷ್ಟ ಸ್ಥಳದಲ್ಲಿ ಕತ್ತರಿಸಿ, ಕೆಲವನ್ನು ಸಕ್ರಿಯಗೊಳಿಸುವ, ಮತ್ತೆ ಕೆಲವನ್ನು ನಿಷ್ಕ್ರಿಯಗೊಳಿಸುವ ಕಿಣ್ವಗಳಿಗೆ ಪ್ರೋಟಿಯೇಸ್‌ಗಳೆಂದು ಹೆಸರು. ಡಿಪಿಪಿ-4 ಈ ಗುಂಪಿಗೆ ಸೇರಿದ್ದು. 1966ರಲ್ಲಿ ಹಾಪ್ಸು-ಹಾವು ಮತ್ತು ಗ್ಲೆನ್ನರ್ ಎಂಬ ವಿಜ್ಞಾನಿಗಳು ಇದನ್ನು ಮೊದಲ ಬಾರಿಗೆ ಗುರುತಿಸಿದರು. ಇದರ ಕಾರ್ಯವಿಧಾನ ಬಹಳ ಶಿಸ್ತಿನದು. ಸರದ ಮೊದಲ ತುದಿಯಿಂದ ಎರಡನೆಯ ಸ್ಥಾನದಲ್ಲಿ ಪ್ರೋಲಿನ್ ಅಥವಾ ಅಲನಿನ್ ಎಂಬ ಅಮೈನೋ ಆಮ್ಲವಿದ್ದರೆ, ಆ ಮೊದಲೆರಡು ಮಣಿಗಳನ್ನು ಜೊತೆಯಾಗಿ ಕತ್ತರಿಸಿ ತೆಗೆಯುತ್ತದೆ.

ಆಹಾರ ಸೇವಿಸಿದಾಗ ನಮ್ಮ ಕರುಳಿನಿಂದ ಜಿಎಲ್‌ಪಿ-1 ಎಂಬ ಹಾರ್ಮೋನು ರಕ್ತಕ್ಕೆ ಬಿಡುಗಡೆಯಾಗುತ್ತದೆ. ಇದು ಮೇದೋಜೀರಕ ಗ್ರಂಥಿಗೆ ಇನ್ಸುಲಿನ್ ಸ್ರವಿಸುವಂತೆ ಸೂಚನೆ ನೀಡುತ್ತದೆ; ಯಕೃತ್ತು ಸಕ್ಕರೆಯನ್ನು ಬಿಡುಗಡೆ ಮಾಡುವಂತೆ ಪ್ರೇರೇಪಿಸುವ ಗ್ಲುಕಗಾನ್ ಹಾರ್ಮೋನನ್ನು ತಗ್ಗಿಸುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿರುವಾಗ ಮಾತ್ರ ಈ ಸೂಚನೆ ಪ್ರಬಲವಾಗಿರುವುದು ಇದರ ವಿಶೇಷ. ಆದರೆ ಜಿಎಲ್‌ಪಿ-1ರ ಸರದ ಮೊದಲ ಮಣಿ ಹಿಸ್ಟಿಡಿನ್, ಎರಡನೆಯದು ಅಲನಿನ್. ಡಿಪಿಪಿ-4ಕ್ಕೆ ಇದು ಕತ್ತರಿಸಲು ಸೂಕ್ತವಾದ ಸ್ಥಳ. ಪರಿಣಾಮವಾಗಿ ರಕ್ತದಲ್ಲಿ ಈ ಹಾರ್ಮೋನಿನ ಅರ್ಧಾಯುಷ್ಯ ಕೇವಲ ಒಂದೆರಡು ನಿಮಿಷಗಳು.

1993ರಲ್ಲಿ ಜರ್ಮನಿಯ ಮೆಂಟ್ಲೈನ್ ಮತ್ತು ಸಂಗಡಿಗರು ಡಿಪಿಪಿ-4 ಈ ಹಾರ್ಮೋನನ್ನು ಕತ್ತರಿಸುತ್ತದೆಂದು ತೋರಿಸಿಕೊಟ್ಟರು. ಅಲ್ಲಿಂದ ಔಷಧ ಸಂಶೋಧನೆಯ ಹಾದಿ ತೆರೆಯಿತು. ಕತ್ತರಿಸುವ ಕಿಣ್ವವನ್ನು ತಡೆದರೆ ದೇಹವೇ ತಯಾರಿಸಿದ ಹಾರ್ಮೋನು ಹೆಚ್ಚು ಹೊತ್ತು ಉಳಿಯುತ್ತದೆ. ಸಕ್ಕರೆ ಹೆಚ್ಚಿದಾಗ ಮಾತ್ರ ಇನ್ಸುಲಿನ್ ಹೆಚ್ಚುವುದರಿಂದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವ ಭಯವೂ ಕಡಿಮೆ ಎಂಬುದು ತರ್ಕ.

ರಚನೆ: ಎಂಟು ದಳಗಳ ದ್ವಾರ

ಮಾನವ ಡಿಪಿಪಿ-4 ಒಟ್ಟು 766 ಅಮೈನೋ ಆಮ್ಲಗಳಿಂದಾದುದು. ಇದರ ಮೊದಲ ಆರು ಮಣಿಗಳು ಜೀವಕೋಶದ ಒಳಗಿದ್ದರೆ, ಮುಂದಿನ ಇಪ್ಪತ್ತೆರಡು ಕೋಶದ ಪೊರೆಯಲ್ಲಿ ಹುದುಗಿರುತ್ತವೆ. ಉಳಿದ ಬಹುಭಾಗ ಕೋಶದ ಹೊರಗೆ ಚಾಚಿಕೊಂಡಿರುತ್ತದೆ. ಹೊರಭಾಗ ಕಳಚಿಕೊಂಡು ರಕ್ತದಲ್ಲಿಯೂ ಸಂಚರಿಸುವುದುಂಟು. ಕಿಣ್ವದ ಎರಡು ಪ್ರತಿಗಳು ಜೋಡಿಯಾಗಿ ಕೂಡಿದಾಗ ಮಾತ್ರ ಅದು ಸರಿಯಾಗಿ ಕೆಲಸ ಮಾಡುತ್ತದೆ.

2003ರಲ್ಲಿ ಕ್ಷ-ಕಿರಣ ಸ್ಫಟಿಕ ವಿಧಾನದ ಮೂಲಕ ಈ ಕಿಣ್ವದ ಮೂರು ಆಯಾಮದ ರಚನೆ ಪ್ರಕಟವಾಯಿತು. ನೋವೋ ನಾರ್ಡಿಸ್ಕ್ ಕಂಪನಿಯ ವಿಜ್ಞಾನಿಗಳ ವರದಿ ಮೊದಲಿಗೆ ಬಂದಿತು. ಅದೇ ವರ್ಷ ಇತರ ತಂಡಗಳೂ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದವು. ಕಿಣ್ವದಲ್ಲಿ ಎರಡು ಭಾಗಗಳಿರುವುದು ಇದರಿಂದ ಸ್ಪಷ್ಟವಾಯಿತು. ಮೊದಲನೆಯದು ಗಾಳಿ ಪಂಖದ ರೆಕ್ಕೆಗಳಂತೆ ವೃತ್ತಾಕಾರವಾಗಿ ಜೋಡಿಸಿದ ಎಂಟು ದಳಗಳ ಭಾಗ. ಎರಡನೆಯದು ಕತ್ತರಿಸುವ ಕೆಲಸ ನಡೆಸುವ ಭಾಗ. ಈ ಎರಡರ ನಡುವೆ ಒಂದು ಪೊಳ್ಳು ಇದ್ದು, ಅದರೊಳಗೆ ಕತ್ತರಿಸುವ ಕೇಂದ್ರ ಅಡಗಿದೆ. ದಳಗಳ ನಡುವಿನ ಸುರಂಗದ ಮೂಲಕವೂ, ಪಕ್ಕದಲ್ಲಿರುವ ಮತ್ತೊಂದು ದ್ವಾರದ ಮೂಲಕವೂ ಈ ಪೊಳ್ಳಿಗೆ ಪ್ರವೇಶವಿದೆ. ಪಕ್ಕದ ದ್ವಾರದ ಅಗಲ ಸುಮಾರು 15 ಆಂಗ್‌ಸ್ಟ್ರಾಮ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ತುಸು ಹೆಚ್ಚು. ದೊಡ್ಡ ಗಾತ್ರದ ಮಡಚಿದ ಪ್ರೋಟೀನುಗಳು ಇದರೊಳಗೆ ನುಸುಳಲಾರವು. ಸಣ್ಣ ಸರಗಳ ತುದಿಗಳು ಮಾತ್ರ ಒಳಸೇರಬಲ್ಲವು.

ಕತ್ತರಿಸುವ ಕೇಂದ್ರದಲ್ಲಿ ಮೂರು ಅಮೈನೋ ಆಮ್ಲಗಳ ಪಾತ್ರ ಮುಖ್ಯ: 630ನೆಯ ಸ್ಥಾನದ ಸೆರಿನ್, 708ನೆಯ ಸ್ಥಾನದ ಆಸ್ಪಾರ್ಟಿಕ್ ಆಮ್ಲ ಮತ್ತು 740ನೆಯ ಸ್ಥಾನದ ಹಿಸ್ಟಿಡಿನ್. ಇವು ಕತ್ತರಿಯ ಅಲಗಿದ್ದಂತೆ. ಇವುಗಳ ಸಮೀಪದಲ್ಲಿ 205 ಮತ್ತು 206ನೆಯ ಸ್ಥಾನಗಳಲ್ಲಿ ಎರಡು ಗ್ಲುಟಾಮಿಕ್ ಆಮ್ಲಗಳಿವೆ. ಋಣ ವಿದ್ಯುದಂಶವುಳ್ಳ ಇವು ಸರದ ಧನ ವಿದ್ಯುದಂಶವುಳ್ಳ ಮೊದಲ ತುದಿಯನ್ನು ಹಿಡಿದು ನಿಲ್ಲಿಸುತ್ತವೆ. ಹೀಗೆ ತುದಿಯನ್ನು ಹಿಡಿಯುವುದರಿಂದಲೇ ಕಿಣ್ವ ಪ್ರತಿಬಾರಿಯೂ ಲೆಕ್ಕ ತಪ್ಪದೆ ಎರಡೇ ಮಣಿಗಳನ್ನು ಕತ್ತರಿಸುತ್ತದೆ. ಎರಡನೆಯ ಮಣಿ ಕೂರುವ ಕುಳಿಯು ಕಿರಿದಾಗಿದ್ದು, ಪ್ರೋಲಿನ್ ಮತ್ತು ಅಲನಿನ್‌ನಂತಹ ಸಣ್ಣ ಮಣಿಗಳಿಗೆ ಅದು ಹೇಳಿ ಮಾಡಿಸಿದಂತಿದೆ.

ದಾಯಾದಿಗಳ ಸಮಸ್ಯೆ

ಕಿಣ್ವವನ್ನು ತಡೆಯುವ ರಾಸಾಯನಿಕವನ್ನು ಕಂಡುಹಿಡಿಯುವುದು ಅಷ್ಟೇನೂ ಕಷ್ಟವಾಗಿರಲಿಲ್ಲ. ಅದೊಂದನ್ನೇ ತಡೆಯುವ ರಾಸಾಯನಿಕವನ್ನು ಪಡೆಯುವುದು ಕಷ್ಟವಾಗಿತ್ತು. ಏಕೆಂದರೆ ಡಿಪಿಪಿ-4ಕ್ಕೆ ಡಿಪಿಪಿ-8, ಡಿಪಿಪಿ-9 ಮತ್ತು ಎಫ್‌ಎಪಿ ಎಂಬ ದಾಯಾದಿಗಳಿವೆ. ಇವುಗಳ ಕತ್ತರಿಸುವ ಕೇಂದ್ರಗಳು ಬಹುಮಟ್ಟಿಗೆ ಹೋಲುತ್ತವೆ. ಡಿಪಿಪಿ-8 ಮತ್ತು ಡಿಪಿಪಿ-9 ಜೀವಕೋಶದ ಒಳಗೆ ವಾಸಿಸುತ್ತವೆ.

ಈ ಹೋಲಿಕೆಯ ಅಪಾಯವನ್ನು ತೋರಿಸಿದ ಪ್ರಸಂಗವೊಂದು ಔಷಧೋದ್ಯಮದ ಇತಿಹಾಸದಲ್ಲಿ ಉಲ್ಲೇಖಾರ್ಹ. ಅಮೆರಿಕದ ಮೆರ್ಕ್ ಕಂಪನಿ 2000ದಲ್ಲಿ ಜರ್ಮನಿಯ ಪ್ರೊಬಯೋಡ್ರಗ್ ಸಂಸ್ಥೆಯಿಂದ ಪಿ32/98 ಎಂಬ ಪ್ರತಿಬಂಧಕದ ಪರವಾನಗಿಯನ್ನು ಪಡೆಯಿತು. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಅದು ವಿಷಕಾರಿಯಾಗಿ ಕಂಡುಬಂದಿತು. ಸಾಮಾನ್ಯವಾಗಿ ಇಂತಹ ಸಂದರ್ಭದಲ್ಲಿ ಇಡೀ ಯೋಜನೆಯನ್ನೇ ಕೈಬಿಡುವುದುಂಟು. ಆದರೆ ವಿಜ್ಞಾನಿಗಳು ಒಂದು ಸಂಗತಿಯನ್ನು ಗಮನಿಸಿದರು. ಇದೇ ಅಣುವಿನ ಇನ್ನೊಂದು ರೂಪ, ಅಂದರೆ ಪರಮಾಣುಗಳೆಲ್ಲ ಅವೇ ಇದ್ದು ಜೋಡಣೆಯ ದಿಕ್ಕಷ್ಟೇ ಬೇರೆಯಾಗಿದ್ದ ರೂಪ, ಡಿಪಿಪಿ-4ನ್ನು ಸರಿಸುಮಾರು ಅಷ್ಟೇ ಬಲವಾಗಿ ತಡೆಯುತ್ತಿತ್ತು. ಆದರೂ ಅದು ಹೆಚ್ಚು ವಿಷಕಾರಿಯಾಗಿತ್ತು. ತಡೆಯುವ ಶಕ್ತಿ ಒಂದೇ, ವಿಷದ ಪ್ರಮಾಣ ಬೇರೆ ಎಂದಾದರೆ ವಿಷದ ಮೂಲ ಡಿಪಿಪಿ-4 ಆಗಿರಲಾರದು. ಈ ಕಿಣ್ವವೇ ಇಲ್ಲದಂತೆ ಮಾಡಿದ ಇಲಿಗಳು ಆರೋಗ್ಯದಿಂದಲೇ ಬದುಕಿದ್ದವೆಂಬ 2000ದ ವರದಿಯೂ ಈ ತೀರ್ಮಾನಕ್ಕೆ ಬೆಂಬಲವಾಗಿತ್ತು.

2005ರಲ್ಲಿ ಮೆರ್ಕ್ ತಂಡ ತನ್ನ ಪರೀಕ್ಷೆಗಳನ್ನು ಪ್ರಕಟಿಸಿತು. ಡಿಪಿಪಿ-8 ಮತ್ತು 9ನ್ನು ಮಾತ್ರ ತಡೆಯುವ ರಾಸಾಯನಿಕವನ್ನು ನೀಡಿದಾಗ ಇಲಿಗಳ ಕೂದಲು ಉದುರಿತು, ಪ್ಲೇಟ್‌ಲೆಟ್‌ಗಳ ಸಂಖ್ಯೆ ಇಳಿಯಿತು, ಗುಲ್ಮ ಊದಿಕೊಂಡಿತು, ಕೆಲವು ಸತ್ತವು. ನಾಯಿಗಳಲ್ಲಿ ಜೀರ್ಣಾಂಗದ ತೊಂದರೆಗಳು ಕಂಡುಬಂದವು. ಡಿಪಿಪಿ-4ನ್ನು ಮಾತ್ರ ತಡೆಯುವ ರಾಸಾಯನಿಕದಿಂದ ಇಂತಹ ಹಾನಿಯಾಗಲಿಲ್ಲ. ಈ ತೀರ್ಮಾನವನ್ನು ಎಲ್ಲರೂ ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಆಯ್ಕೆಯಲ್ಲಿ ಅಷ್ಟು ಕಟ್ಟುನಿಟ್ಟಲ್ಲದ ವಿಲ್ಡಾಗ್ಲಿಪ್ಟಿನ್‌ನಿಂದ ಅಂತಹ ವಿಷಲಕ್ಷಣಗಳು ಕಾಣಲಿಲ್ಲವೆಂದು ಮುಂದೆ ಬೇರೆ ಸಂಶೋಧಕರು ವಾದಿಸಿದರು. ಆದರೆ ಡಿಪಿಪಿ-8 ಮತ್ತು 9ನ್ನು ತಡೆದಾಗ ರೋಗನಿರೋಧಕ ವ್ಯವಸ್ಥೆಯ ಕೆಲವು ಜೀವಕೋಶಗಳು ಉರಿಯೂತದೊಡನೆ ಒಡೆದು ಸಾಯುತ್ತವೆಂದು 2017ರ ನಂತರದ ಸಂಶೋಧನೆಗಳು ತೋರಿಸಿವೆ. ದಾಯಾದಿಗಳನ್ನು ಮುಟ್ಟದಿರುವುದೇ ಲೇಸೆಂಬ ಎಚ್ಚರಿಕೆಗೆ ಇದರಿಂದ ಪುಷ್ಟಿ ದೊರೆತಿದೆ.

ಸಿಟಾಗ್ಲಿಪ್ಟಿನ್ ಹೇಗೆ ಕೂರುತ್ತದೆ?

ಈ ಅರಿವಿನ ಆಧಾರದ ಮೇಲೆ ಮೆರ್ಕ್ ರೂಪಿಸಿದ ಅಣುವೇ ಸಿಟಾಗ್ಲಿಪ್ಟಿನ್. ಇದರ ಅಮೈನ್ ಗುಂಪನ್ನು ಮೇಲೆ ಹೇಳಿದ ಎರಡು ಗ್ಲುಟಾಮಿಕ್ ಆಮ್ಲಗಳು ಹಿಡಿದುಕೊಳ್ಳುತ್ತವೆ. ಮೂರು ಫ್ಲೋರಿನ್ ಪರಮಾಣುಗಳನ್ನು ಹೊತ್ತ ಒಂದು ಉಂಗುರ, ಪ್ರೋಲಿನ್ ಕೂರಬೇಕಾದ ಕುಳಿಯನ್ನು ತುಂಬುತ್ತದೆ. ಅಣುವಿನ ಇನ್ನೊಂದು ತುದಿ 357ನೆಯ ಸ್ಥಾನದ ಫಿನೈಲ್‌ಅಲನಿನ್‌ಗೆ ಒರಗಿಕೊಳ್ಳುತ್ತದೆ. ಹೀಗೆ ಮೂರು ಕಡೆ ಆಧಾರ ಪಡೆದು ಅಣು ಭದ್ರವಾಗಿ ಕೂರುತ್ತದೆ.

ಅಂಕಿಗಳಲ್ಲಿ ಹೇಳುವುದಾದರೆ, ಡಿಪಿಪಿ-4ರ ಚಟುವಟಿಕೆಯನ್ನು ಅರ್ಧಕ್ಕಿಳಿಸಲು 18 ನ್ಯಾನೋಮೋಲಾರ್ ಪ್ರಮಾಣದ ಸಿಟಾಗ್ಲಿಪ್ಟಿನ್ ಸಾಕು. ಡಿಪಿಪಿ-8ಕ್ಕೆ ಅದೇ ಪರಿಣಾಮ ಬೇಕಾದರೆ 48,000 ನ್ಯಾನೋಮೋಲಾರ್ ಬೇಕು. ಅಂತರ 2,600 ಪಟ್ಟಿಗೂ ಹೆಚ್ಚು. ಡಿಪಿಪಿ-9ರ ವಿಷಯದಲ್ಲಿ ಅಂತರ ಇನ್ನೂ ಅಧಿಕ. ‘ಆಯ್ದ ಪ್ರತಿಬಂಧ’ ಎಂಬ ಮಾತಿನ ಅರ್ಥ ಇದೇ: ರೋಗಿಯ ರಕ್ತದಲ್ಲಿರುವಷ್ಟು ಔಷಧಿ ಗುರಿಯನ್ನು ತಲಪಬೇಕು, ದಾಯಾದಿಗಳನ್ನು ತಲಪಬಾರದು. ದಿನಕ್ಕೊಮ್ಮೆ 100 ಮಿಲಿಗ್ರಾಂ ಮಾತ್ರೆ ಸೇವಿಸಿದರೆ ಡಿಪಿಪಿ-4ರ ಚಟುವಟಿಕೆಯ ಸುಮಾರು ಶೇಕಡ 80ರಷ್ಟು ದಿನವಿಡೀ ತಡೆಯಲ್ಪಡುತ್ತದೆ.

ಒಂದೇ ವರ್ಗದ ಮಾತ್ರೆಗಳೆಲ್ಲವೂ ಒಂದೇ ಎಂದು ಭಾವಿಸಬಾರದು. ವಿಲ್ಡಾಗ್ಲಿಪ್ಟಿನ್ ಮತ್ತು ಸ್ಯಾಕ್ಸಾಗ್ಲಿಪ್ಟಿನ್ ಅಣುಗಳು 630ನೆಯ ಸೆರಿನ್‌ನೊಡನೆ ತಾತ್ಕಾಲಿಕ ರಾಸಾಯನಿಕ ಬಂಧವನ್ನೇ ಏರ್ಪಡಿಸಿಕೊಳ್ಳುತ್ತವೆ. ಸಿಟಾಗ್ಲಿಪ್ಟಿನ್ ಬಹುಪಾಲು ಮೂತ್ರದ ಮೂಲಕ ಹೊರಹೋಗುವುದರಿಂದ ಮೂತ್ರಪಿಂಡ ದುರ್ಬಲವಾಗಿರುವವರಿಗೆ ವೈದ್ಯರು ಪ್ರಮಾಣವನ್ನು ತಗ್ಗಿಸುತ್ತಾರೆ. ಮುಖ್ಯವಾಗಿ ಪಿತ್ತರಸದ ಮೂಲಕ ಹೊರಹೋಗುವ ಲಿನಾಗ್ಲಿಪ್ಟಿನ್‌ಗೆ ಆ ಅಗತ್ಯವಿಲ್ಲ. 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಸ್ಯಾಕ್ಸಾಗ್ಲಿಪ್ಟಿನ್ ಸೇವಿಸಿದವರಲ್ಲಿ ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವ ಪ್ರಮಾಣ ಹೆಚ್ಚಿತ್ತು. 2015ರಲ್ಲಿ ಪ್ರಕಟವಾದ ಸಿಟಾಗ್ಲಿಪ್ಟಿನ್ ಅಧ್ಯಯನದಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. ಆದ್ದರಿಂದ ಬೆಲೆ ಕಡಿಮೆಯೆಂಬ ಕಾರಣಕ್ಕೆ ಒಂದು ಗ್ಲಿಪ್ಟಿನ್ ಬದಲು ಇನ್ನೊಂದನ್ನು ಗ್ರಾಹಕರಿಗೆ ಸೂಚಿಸುವುದು ಅಂಗಡಿಯವರ ಕೆಲಸವಲ್ಲ. ಅದು ವೈದ್ಯರ ನಿರ್ಧಾರ.

ಪೇಟೆಂಟ್ ಮತ್ತು ಬೆಲೆ

2006ರ ಅಕ್ಟೋಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಸಿಟಾಗ್ಲಿಪ್ಟಿನ್‌ಗೆ ಅನುಮತಿ ನೀಡಿತು. ಜಾನುವಿಯಾ ಎಂಬ ಹೆಸರಿನಲ್ಲಿ ಅದು 2008ರಲ್ಲಿ ಭಾರತದ ಮಾರುಕಟ್ಟೆಗೂ ಬಂದಿತು. ಇಲ್ಲಿ ಅದರ ಬೆಲೆ ಅಮೆರಿಕದ ಬೆಲೆಗಿಂತ ಬಹಳ ಕಡಿಮೆಯೇ ಇತ್ತಾದರೂ, ಮಾತ್ರೆಯೊಂದಕ್ಕೆ ನಲವತ್ತು ರೂಪಾಯಿಗೂ ಮಿಗಿಲಾದ ಬೆಲೆ ಸಾಮಾನ್ಯ ರೋಗಿಗೆ ಹೊರೆಯಾಗಿತ್ತು.

2013ರಲ್ಲಿ ಮುಂಬಯಿಯ ಗ್ಲೆನ್‌ಮಾರ್ಕ್ ಕಂಪನಿ ಸಿಟಾಗ್ಲಿಪ್ಟಿನ್ ಫಾಸ್ಫೇಟನ್ನು ಕಡಿಮೆ ಬೆಲೆಗೆ ಬಿಡುಗಡೆ ಮಾಡಿತು. ಮೆರ್ಕ್ ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಪೇಟೆಂಟ್ ಇರುವುದು ಸಿಟಾಗ್ಲಿಪ್ಟಿನ್‌ಗೇ ಹೊರತು ಅದರ ಫಾಸ್ಫೇಟ್ ಲವಣಕ್ಕಲ್ಲ, ಆ ಲವಣಕ್ಕಾಗಿ ಸಲ್ಲಿಸಿದ್ದ ಪ್ರತ್ಯೇಕ ಅರ್ಜಿಯನ್ನು ಮೆರ್ಕ್ ಕೈಬಿಟ್ಟಿದೆ ಎಂಬುದು ಗ್ಲೆನ್‌ಮಾರ್ಕ್‌ನ ವಾದಗಳಲ್ಲೊಂದು. ಏಕಸದಸ್ಯ ಪೀಠ ಮೊದಲಿಗೆ ತಡೆಯಾಜ್ಞೆ ನಿರಾಕರಿಸಿತು. 2015ರ ಮಾರ್ಚ್‌ನಲ್ಲಿ ವಿಭಾಗೀಯ ಪೀಠ ಮೆರ್ಕ್ ಪರವಾಗಿ ತಡೆಯಾಜ್ಞೆ ನೀಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಂತಿಮ ತೀರ್ಪು ಕೂಡ ಮೆರ್ಕ್ ಪರವಾಗಿ ಬಂದಿತು. ದೇಹದೊಳಗೆ ಕಿಣ್ವವನ್ನು ತಡೆಯುವುದು ಸಿಟಾಗ್ಲಿಪ್ಟಿನ್ ಅಣುವೇ ಆಗಿರುವುದರಿಂದ, ಲವಣದ ಹೆಸರು ಹೇಳಿ ಮೂಲ ಪೇಟೆಂಟಿನಿಂದ ಪಾರಾಗಲು ಸಾಧ್ಯವಾಗಲಿಲ್ಲ. ಔಷಧಿ ತಯಾರಿಕೆಗೆ ಇಳಿಯುವ ಉದ್ಯಮಿಗಳು ಪೇಟೆಂಟಿನ ಹಕ್ಕುಗಳನ್ನು ಸಾಲುಸಾಲಾಗಿ ಓದಬೇಕಾದ ಅಗತ್ಯವನ್ನು ಈ ಪ್ರಕರಣ ಮನದಟ್ಟು ಮಾಡುತ್ತದೆ.

ಪೇಟೆಂಟಿನ ಅವಧಿ ಮುಗಿದ ಕೂಡಲೇ ಚಿತ್ರ ಬದಲಾಯಿತು. ಭಾರತದಲ್ಲಿ ವಿಲ್ಡಾಗ್ಲಿಪ್ಟಿನ್ ಪೇಟೆಂಟ್ 2019ರ ಡಿಸೆಂಬರಿನಲ್ಲಿ, ಸಿಟಾಗ್ಲಿಪ್ಟಿನ್ ಪೇಟೆಂಟ್ 2022ರ ಜುಲೈನಲ್ಲಿ ಕೊನೆಗೊಂಡವು. ಹಲವಾರು ಕಂಪನಿಗಳು ಏಕಕಾಲಕ್ಕೆ ಮಾರುಕಟ್ಟೆಗಿಳಿದವು. 2022ರ ಸೆಪ್ಟೆಂಬರಿನಲ್ಲಿ ಜನೌಷಧಿ ಕೇಂದ್ರಗಳಲ್ಲಿ 100 ಮಿಲಿಗ್ರಾಂನ ಹತ್ತು ಮಾತ್ರೆಗಳ ಬೆಲೆ 100 ರೂಪಾಯಿ, 50 ಮಿಲಿಗ್ರಾಂನ ಹತ್ತು ಮಾತ್ರೆಗಳ ಬೆಲೆ 60 ರೂಪಾಯಿ ಎಂದು ನಿಗದಿಯಾಯಿತು. ತಿಂಗಳಿಗೆ 1,200 ರೂಪಾಯಿಗೂ ಮೇಲ್ಪಟ್ಟು ತಗಲುತ್ತಿದ್ದ ಖರ್ಚು 300 ರೂಪಾಯಿಗೆ ಇಳಿಯಿತೆಂದರೆ, ನಿವೃತ್ತಿ ವೇತನದ ಮೇಲೆ ಬದುಕುವ ವೃದ್ಧರೊಬ್ಬರಿಗೆ ಅದರ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇತ್ತ ವ್ಯಾಪಾರಿಯ ಪಾಲಿಗೆ, ಹಳೆಯ ಬೆಲೆಗೆ ಕೊಂಡು ದಾಸ್ತಾನು ಮಾಡಿದವರು ನಷ್ಟಕ್ಕೆ ಗುರಿಯಾಗುವ ಸಂಭವವೂ ಇಂತಹ ಸಂದರ್ಭದಲ್ಲಿ ಇರುತ್ತದೆ. ಪೇಟೆಂಟ್ ಮುಗಿಯುವ ದಿನಾಂಕ ಸಗಟು ವ್ಯಾಪಾರಿಯ ದಿನಚರಿಯಲ್ಲಿ ಮೊದಲೇ ನಮೂದಾಗಿರಬೇಕು.

ತಯಾರಿಕೆ ಮತ್ತು ಗುಣಮಟ್ಟ

ಸಿಟಾಗ್ಲಿಪ್ಟಿನ್ ತಯಾರಿಕೆಯಲ್ಲಿ ಮೊದಲು ರೋಡಿಯಂ ಎಂಬ ದುಬಾರಿ ಲೋಹದ ವೇಗವರ್ಧಕವನ್ನೂ ಅಧಿಕ ಒತ್ತಡದ ಹೈಡ್ರೋಜನ್ ಅನಿಲವನ್ನೂ ಬಳಸಲಾಗುತ್ತಿತ್ತು. ಮೆರ್ಕ್ ಮತ್ತು ಕೋಡೆಕ್ಸಿಸ್ ಕಂಪನಿಗಳು ಜೊತೆಗೂಡಿ, ಪ್ರಯೋಗಾಲಯದಲ್ಲಿ ಹಂತಹಂತವಾಗಿ ಮಾರ್ಪಡಿಸಿದ ಟ್ರಾನ್ಸಮಿನೇಸ್ ಎಂಬ ಕಿಣ್ವದಿಂದಲೇ ಈ ಕೆಲಸ ಮಾಡಿಸಿದವು. 2010ರಲ್ಲಿ ಪ್ರಕಟವಾದ ವರದಿಯಂತೆ ಇದರಿಂದ ಉತ್ಪನ್ನದ ಇಳುವರಿ ಶೇಕಡ 10ರಿಂದ 13ರಷ್ಟು ಹೆಚ್ಚಿತು, ಒಟ್ಟು ತ್ಯಾಜ್ಯ ಶೇಕಡ 19ರಷ್ಟು ತಗ್ಗಿತು. ಒಂದು ಕಿಣ್ವವನ್ನು ತಡೆಯುವ ಔಷಧಿಯನ್ನು ಇನ್ನೊಂದು ಕಿಣ್ವದ ಸಹಾಯದಿಂದ ತಯಾರಿಸಿದ ಈ ಉದಾಹರಣೆ, ತ್ಯಾಜ್ಯ ವಿಲೇವಾರಿಯ ವೆಚ್ಚದಿಂದ ಬಳಲುವ ಔಷಧಿ ರಾಸಾಯನಿಕ ಘಟಕಗಳಿಗೆ ಚಿಂತನಾರ್ಹ.

ಗುಣಮಟ್ಟದ ವಿಷಯದಲ್ಲಿ ಒಂದು ಎಚ್ಚರಿಕೆಯ ಪ್ರಸಂಗವೂ ಇದೆ. ಸಿಟಾಗ್ಲಿಪ್ಟಿನ್‌ನ ಕೆಲವು ಮಾದರಿಗಳಲ್ಲಿ ಎನ್‌ಟಿಟಿಪಿ ಎಂಬ ನೈಟ್ರೊಸಮಿನ್ ಕಲ್ಮಶ ಪತ್ತೆಯಾಗಿದೆಯೆಂದು 2022ರ ಆಗಸ್ಟ್‌ನಲ್ಲಿ ಅಮೆರಿಕದ ಸಂಸ್ಥೆ ಪ್ರಕಟಿಸಿತು. ಈ ಜಾತಿಯ ಕೆಲವು ವಸ್ತುಗಳು ದೀರ್ಘಕಾಲದಲ್ಲಿ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸಬಲ್ಲವು. ದಿನಕ್ಕೆ 37 ನ್ಯಾನೋಗ್ರಾಂ ಮಿತಿಯೆಂದು ಹೇಳಿದ ಸಂಸ್ಥೆ, ಔಷಧಿಯ ಕೊರತೆ ಉಂಟಾಗದಿರಲೆಂದು ತಾತ್ಕಾಲಿಕವಾಗಿ 246.7 ನ್ಯಾನೋಗ್ರಾಂವರೆಗೆ ಅವಕಾಶ ನೀಡಿತು. ಒಂದು ಗ್ರಾಂನ ನೂರು ಕೋಟಿಯಲ್ಲೊಂದು ಭಾಗಕ್ಕೆ ನ್ಯಾನೋಗ್ರಾಂ ಎಂದು ಹೆಸರು. ಇಂತಹ ಸೂಕ್ಷ್ಮ ಅಳತೆಯ ಪರೀಕ್ಷಾ ಸೌಲಭ್ಯವಿಲ್ಲದೆ ರಫ್ತು ಮಾರುಕಟ್ಟೆಯಲ್ಲಿ ನೆಲೆನಿಲ್ಲುವುದು ದುಸ್ತರ. ಬೆಲೆಯ ಪೈಪೋಟಿಯಲ್ಲಿ ಪರೀಕ್ಷೆಯ ವೆಚ್ಚವನ್ನು ಕಡಿತಗೊಳಿಸುವುದು ದೂರದೃಷ್ಟಿಯ ಲಕ್ಷಣವಲ್ಲ.

ಮುಂದಿನ ಹೆಜ್ಜೆ

ಡಿಪಿಪಿ-4ರ ಜ್ಞಾನ ಇನ್ನೊಂದು ದಾರಿಯಲ್ಲಿಯೂ ಫಲ ನೀಡಿದೆ. ಕತ್ತರಿಯನ್ನು ತಡೆಯುವ ಬದಲು, ಕತ್ತರಿಗೆ ಸಿಗದಂತೆ ಹಾರ್ಮೋನನ್ನೇ ಮಾರ್ಪಡಿಸುವುದು ಆ ದಾರಿ. ಸೆಮಾಗ್ಲುಟೈಡ್ ಅಣುವಿನಲ್ಲಿ ಎರಡನೆಯ ಮಣಿಯಾದ ಅಲನಿನ್ ಬದಲಿಗೆ ಅಮೈನೋಐಸೋಬ್ಯುಟಿರಿಕ್ ಆಮ್ಲವನ್ನು ಇರಿಸಲಾಗಿದೆ. ಡಿಪಿಪಿ-4ರ ಕಿರಿದಾದ ಕುಳಿಗೆ ಅದು ಹೊಂದುವುದಿಲ್ಲ. ಲಿರಾಗ್ಲುಟೈಡ್‌ನಲ್ಲಿ ಜೋಡಿಸಿದ ಕೊಬ್ಬಿನಾಮ್ಲವು ರಕ್ತದ ಆಲ್ಬುಮಿನ್‌ಗೆ ಅಂಟಿಕೊಂಡು ರಕ್ಷಣೆ ಪಡೆಯುತ್ತದೆ. ಬೆಂಗಳೂರಿನ ಬಯೋಕಾನ್ ಕಂಪನಿ ತನ್ನ ಜೆನೆರಿಕ್ ಲಿರಾಗ್ಲುಟೈಡ್‌ಗೆ 2024ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಪಡೆದುದು ನಮ್ಮ ರಾಜ್ಯದ ಉದ್ಯಮಕ್ಕೆ ಹೆಮ್ಮೆಯ ಸಂಗತಿ.

ಒಟ್ಟಿನಲ್ಲಿ ಹೇಳುವುದಾದರೆ, 1966ರಲ್ಲಿ ಶುದ್ಧ ಕುತೂಹಲದಿಂದ ಗುರುತಿಸಲ್ಪಟ್ಟ ಕಿಣ್ವವೊಂದು ಔಷಧಿಯ ಗುರಿಯಾಗಿ ಮಾತ್ರೆಯ ರೂಪದಲ್ಲಿ ಫಲ ಕೊಡಲು ನಲವತ್ತು ವರ್ಷಗಳು ಬೇಕಾದವು. ಆ ಮಾತ್ರೆ ನಮ್ಮ ಸಾಮಾನ್ಯ ರೋಗಿಯ ಕೈಗೆಟುಕಲು ಮತ್ತೆ ಹದಿನಾರು ವರ್ಷಗಳು ಹಿಡಿದವು. ಮೊದಲ ಅವಧಿಯಲ್ಲಿ ನಮ್ಮ ಉದ್ಯಮದ ಪಾಲು ಅಲ್ಪ. ಎರಡನೆಯ ಅವಧಿಯ ಕೊನೆಯಲ್ಲಿ ನಮ್ಮ ಪಾಲು ದೊಡ್ಡದು. ಅಗ್ಗವಾಗಿ ತಯಾರಿಸುವ ಕೌಶಲ ನಮ್ಮಲ್ಲಿದೆ. ವಿಷದ ಪರೀಕ್ಷೆಯೊಂದು ವಿಫಲವಾದಾಗ ಯೋಜನೆಯನ್ನು ಮುಚ್ಚಿಬಿಡದೆ, ಏಕೆ ವಿಫಲವಾಯಿತೆಂದು ಕೇಳುವ ತಾಳ್ಮೆಗೂ ಬಂಡವಾಳ ಹೂಡುವ ದಿನಗಳು ಬಂದರೆ, ಮುಂದಿನ ಇಂತಹ ಮಾತ್ರೆ ನಮ್ಮ ನಾಡಿನ ಪ್ರಯೋಗಾಲಯದಿಂದಲೇ ಹೊರಬರಬಹುದು. ಆ ದಿಸೆಯಲ್ಲಿ ಉದ್ಯಮಿಗಳೂ ವಿಜ್ಞಾನಿಗಳೂ ಪರಸ್ಪರ ಹತ್ತಿರವಾಗುವುದು ಅವಶ್ಯಕ.